ಲೇ ತೊಗರಿ, ಕೈ ಕೊಡು

ಲೇ ತೊಗರಿ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಫೋನ್ ಎತ್ತಿದರೆ ಮೊದಲ ಮಾತೇ "ಮೀಟಿಂಗ್‌ನಲ್ಲಿದ್ದೀನಿ". ಇಲ್ಲಿ ಬರೆದರೆ ಊರೆಲ್ಲ ಓದುತ್ತದೆ. ಆಗ ನೀನೂ ಓದಲೇಬೇಕು.

ನಮ್ಮೂರಲ್ಲಿ ಚಿತ್ರಕಲೆ ಓದುವ ಹುಡುಗರು ಒಂದು ಇನ್‌ಸ್ಟಲೇಶನ್ ಮಾಡಿದ್ದರು, ಅಂದರೆ ಇಡೀ ಹಾಲ್ ಅನ್ನೇ ಒಂದು ಕಲಾಕೃತಿ ಮಾಡುವುದು. ಕಲಬುರಗಿಯಲ್ಲಿ, ಮೇ ತಿಂಗಳಲ್ಲಿ, ಫ್ಯಾನ್ ಬಂದ್ ಮಾಡಿದ ಹಾಲ್‌ನಲ್ಲಿ. ಫ್ಯಾನ್ ತಿರುಗಿದರೆ ಸದ್ದು ಸರಿಯಾಗಿ ಕೇಳುವುದಿಲ್ಲವಂತೆ. ಕಲೆಗಾಗಿ ಬೇಯಬೇಕು, ಆಯ್ತು.

ಒಳಗೆ ನೋಡಲು ಏನೂ ಇಲ್ಲ. ಈ ಗೋಡೆಗೆ ಒಂದು ತಾಮ್ರದ ತಗಡು, ಎದುರು ಗೋಡೆಗೆ ಇನ್ನೊಂದು. ಮೂಲೆಗಳಲ್ಲಿ ಸ್ಪೀಕರ್. ಎರಡೂ ತಗಡು ಒಬ್ಬನೇ ಮುಟ್ಟಲು ಆಗುವುದಿಲ್ಲ, ಅಷ್ಟು ದೂರ. ನಡುವೆ ಜನ ಕೈ ಕೈ ಹಿಡಿದು ಸಾಲಾಗಿ ನಿಲ್ಲಬೇಕು. ಆಗ ಸಣ್ಣ ಬ್ಯಾಟರಿಯ ಕರೆಂಟ್ ಎಲ್ಲರ ಮೈಯೊಳಗಿಂದ ಹರಿದು ಸರ್ಕ್ಯೂಟ್ ಪೂರ್ತಿಯಾಗುತ್ತದೆ, ಸದ್ದು ಶುರುವಾಗುತ್ತದೆ. ಜೋಳದ ರೊಟ್ಟಿ ಬಡಿಯುವ ಸದ್ದು. ದಾಲ್ ಮಿಲ್ಲಿನ ಸದ್ದು. ಸ್ಟೇಷನ್ನಿನ ಅನೌನ್ಸ್‌ಮೆಂಟ್. ಕೈ ಬಿಗಿ ಹಿಡಿದರೆ ಜೋರು, ಸಡಿಲ ಮಾಡಿದರೆ ಮೆಲ್ಲಗೆ. ಯಾರೋ ಒಬ್ಬರು ಬಿಟ್ಟರೂ ಎಲ್ಲ ಬಂದ್.

"ಕರೆಂಟ್ ಹೊಡಿತದೇನ್ರಿ?" ಅಂತ ಡ್ಯೂಟಿ ಮುಗಿಸಿ ಬಂದಿದ್ದ ಪೊಲೀಸ್ ಒಬ್ಬರು ಕೇಳಿದರು. ಇಲ್ರಿ, ಮೈಗೆ ಗೊತ್ತೇ ಆಗಂಗಿಲ್ಲ ಅಂದಳು ಅಲ್ಲಿದ್ದ ಹುಡುಗಿ. ಒಣ ಚರ್ಮ ಕರೆಂಟಿಗೆ ಲಕ್ಷ ಓಮ್‌ವರೆಗೂ ಅಡ್ಡ ನಿಲ್ಲುತ್ತದೆ. ಬೆವರಿದರೆ ಅದು ಸಾವಿರದ ಲೆಕ್ಕಕ್ಕೆ ಇಳಿಯುತ್ತದೆ. ಅಂದರೆ ಈ ಕಲೆ ನಮ್ಮೂರಿಗೇ ಹೇಳಿ ಮಾಡಿಸಿದ್ದು. ನಿಮ್ಮ ಬೆಂಗಳೂರಿನ ಎಸಿ ಹಾಲ್‌ನಲ್ಲಿ ಇಟ್ಟರೆ ಗೊಣಗೀತು ಅಷ್ಟೆ.

ಒಬ್ಬ ಅಕ್ಕಾವ್ರು ಮಗಳನ್ನು ಕರೆದುಕೊಂಡು ಬಂದಿದ್ದರು. ಸಾಲಿನಲ್ಲಿ ಅವರ ಪಕ್ಕ ನಾನು. ಮಗಳ ಕೈ ಹಿಡಿದರು. ನನ್ನ ಕೈ ನೋಡಿ ಸೆರಗು ಸರಿ ಮಾಡಿಕೊಂಡು ನಿಂತರು. ನಾನು ಮಾಳಿಗೆ ನೋಡುತ್ತ ನಿಂತೆ. ಕರೆಂಟ್ ಗೊತ್ತಾಗಂಗಿಲ್ಲ ಅಂದಿದ್ದ ಆ ಹುಡುಗಿ ಜಾಣೆ. ಒಂದು ಟವೆಲ್ ತಂದು, ಬೋರಿನ ನೀರಲ್ಲಿ ಅದ್ದಿ, ಒಂದು ತುದಿ ಅವರಿಗೆ, ಒಂದು ತುದಿ ನನಗೆ ಕೊಟ್ಟಳು. ಒಣ ಬಟ್ಟೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಹರಿಯುತ್ತದೆ. ನೀರು ಉಪ್ಪಾಗಿದ್ದಷ್ಟೂ ಒಳ್ಳೆಯದು. ನಮ್ಮ ಬೋರಿನ ನೀರು ಚಹಾ ಕೆಡಿಸುವುದು ಬಿಟ್ಟು ಬೇರೆ ಕೆಲಸಕ್ಕೆ ಬಂದದ್ದನ್ನು ಅವತ್ತೇ ನೋಡಿದ್ದು. ರೊಟ್ಟಿ ಬಡಿಯುವ ಸದ್ದು ಹಾಲ್ ತುಂಬಿತು. ಅಕ್ಕಾವ್ರು ಕಿವಿಗೊಟ್ಟು ಕೇಳಿ, "ಹಿಟ್ಟು ಸರಿ ನಾದಿಲ್ಲ ನೋಡ್ರಿ" ಅಂದರು. ಕಲಾ ವಿಮರ್ಶೆ ಅಂದರೆ ಹೀಗಿರಬೇಕು.

2018ರ ಕೊಚ್ಚಿ ಬಿನಾಲೆಗೆ, ಆ ದೊಡ್ಡ ಕಲಾ ಪ್ರದರ್ಶನಕ್ಕೆ, ನೀನೇ ಎಳೆದುಕೊಂಡು ಹೋಗಿದ್ದೆಯಲ್ಲ, ಅಲ್ಲಿ ಕಲಾವಿದೆ ಶಿಲ್ಪಾ ಗುಪ್ತಾ ಅವರ ಕೆಲಸ ನೆನಪಿದೆಯಾ? ಮಬ್ಬುಗತ್ತಲು, ಮೇಲಿಂದ ತೂಗುಬಿಟ್ಟ 100 ಮೈಕ್. ನಾವು ಮಾತಾಡಬೇಕಾದ ಮೈಕುಗಳೇ ನಮ್ಮ ಜೊತೆ ಮಾತಾಡುತ್ತಿದ್ದವು. ಜೈಲು ಸೇರಿದ 100 ಕವಿಗಳ ಸಾಲುಗಳು. ಅಲ್ಲಿ ಒಬ್ಬನೇ ಹೋದರೂ ನಡೆಯುತ್ತಿತ್ತು, ಸುಮ್ನೆ ನಿಂತು ಕೇಳಿದರೆ ಸಾಕು. ಗೋಳಗುಮ್ಮಟವೂ ಅಷ್ಟೆ. 1656ರಲ್ಲಿ ಕಟ್ಟಿ ಮುಗಿಸಿದ್ದು, ಇವತ್ತಿಗೂ ಯಾರು ಹೋಗಿ ಕೂಗಿದರೂ ತಿರುಗಿ ಕೂಗುತ್ತದೆ. ಸ್ಕೂಲ್ ಟ್ರಿಪ್ಪಿನಲ್ಲಿ ನೀನು ಅಲ್ಲಿ ಕೂಗಿದ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಹೆದರಬೇಡ. ಆದರೆ ಈ ತಾಮ್ರದ ತಗಡು ಒಬ್ಬನಿಗೆ ಓಗೊಡುವುದಿಲ್ಲ.

ನಾನು ಒಬ್ಬನೇ ಹೋಗಿದ್ದೆ. ಆ ಪೊಲೀಸು, ಅಕ್ಕಾವ್ರು ಎಲ್ಲ ಬರುವ ಮೊದಲು ತಗಡಿನ ಮೇಲೆ ಕೈ ಇಟ್ಟು ಬಹಳ ಹೊತ್ತು ನಿಂತಿದ್ದೆ. ಆಗ ಯಾಕೋ ತಲೆಗೆ ಬಂತು: ಈಗ ನನ್ನ ಕೈ ಮುಟ್ಟುವವರು ಯಾರು? ಮೊದಲು ಕಿರಾಣಿ ಅಂಗಡಿಯವನು ಚಿಲ್ಲರೆ ಕೊಡುವಾಗ ಬೆರಳಾದರೂ ತಾಗುತ್ತಿತ್ತು. ಫೋನ್‌ಪೇ ಬಂದು ಅದೂ ಹೋಯ್ತು. ಕಟಿಂಗ್ ಅಂಗಡಿಯವನು ತಲೆ ಮುಟ್ಟುತ್ತಾನೆ, ಅದು ಲೆಕ್ಕಕ್ಕಿಲ್ಲ.

ನಾವಿಬ್ಬರೂ ಸೂಪರ್ ಮಾರ್ಕೆಟ್‌ನಿಂದ ಅಪ್ಪನ ಕೆರೆವರೆಗೆ ಕಿರುಬೆರಳಿಗೆ ಕಿರುಬೆರಳು ಹಾಕಿಕೊಂಡು ನಡೆಯುತ್ತಿದ್ದೆವು. ಎಲ್ಲ ಹುಡುಗರೂ ಹಾಗೇ ನಡೆಯುತ್ತಿದ್ದರು, ಅಲ್ವಾ? ನೀನು ಬೆಂಗಳೂರು ಸೇರಿದ ವರ್ಷ ದೀಪಾವಳಿಗೆ ಬಂದೆ. ಸ್ಟೇಷನ್ನಿನಲ್ಲಿ ನಾನು ಬೆರಳು ಚಾಚಿದೆ. ನೀನು ಶೇಕ್‌ಹ್ಯಾಂಡ್ ಕೊಟ್ಟೆ. ಗಟ್ಟಿಯಾಗಿ ಹಿಡಿದು, ಅಲುಗಿಸಿ, ಬಿಟ್ಟೆ. ನಾನು ನಕ್ಕೆ. ಆಮೇಲೆ ಎಲ್ಲರಿಗೂ ಹಾಗೇ ಕೊಡಲು ಕಲಿತೆ. ಆದರೆ ಅವತ್ತು ನಿನ್ನನ್ನು ಮನೆಗೆ ಬಿಟ್ಟವನು ಸೀದಾ ಮನೆಗೆ ಹೋಗಲಿಲ್ಲ ಕಣೋ. ಕೆರೆಯ ಹತ್ತಿರ ಸ್ಕೂಟರ್ ನಿಲ್ಲಿಸಿ ಕತ್ತಲಾಗುವವರೆಗೂ ಕೂತಿದ್ದೆ. ಅಳಲಿಲ್ಲ. ಸರಿ, ಸ್ವಲ್ಪ.

ಮೊನ್ನೆ ಸದ್ದು ನಿಂತ ಮೇಲೂ ನಾನು ಆ ಪೊಲೀಸರ ಕೈ ಬಿಟ್ಟಿರಲಿಲ್ಲ. ಅವರೂ ಬಿಡಿಸಿಕೊಳ್ಳಲಿಲ್ಲ. ಪೊಲೀಸರು ಒಮ್ಮೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲವಲ್ಲ, ಅದೇ ಇರಬೇಕು.

ಹೊರಡುವಾಗ ಆ ಹುಡುಗಿ ಕರೆದಳು. "ಸರ, ನಿಮ್ಮ ಕೈ ಭಾಳ ಬೆವರ್ತಾವ. ನಾಳೀನೂ ಬರ್ರಿ, ಸೌಂಡ್ ಚೊಲೋ ಬರ್ತದ." ಎಷ್ಟು ಇಂಟರ್‌ವ್ಯೂಗಳನ್ನು ಕೆಡಿಸಿದ ಬೆವರು ಇದು, ಕೊನೆಗೂ ಕಲಾವಿದನನ್ನಾಗಿ ಮಾಡಿತು.

ಊರಿಗೆ ಬಂದಾಗ ಈ ಪತ್ರದ ಮಾತೆತ್ತಬೇಡ. ಎತ್ತಿದರೆ ಹಸಿರು ಛತ್ರಿ ಎಲ್ಲಿ ಹೋಯಿತು ಅಂತ ನಿಮ್ಮವ್ವನಿಗೆ ಹೇಳಿಬಿಡುತ್ತೇನೆ. ಅವರೂ ಇದನ್ನು ಓದುತ್ತಿರುತ್ತಾರೆ. ನಮಸ್ಕಾರ ಅವ್ವಾ, ಆರಾಮಿದ್ದೀರಾ?

ನಿನ್ನ
ಡಬ್ಬಿ