ಪಾರ್ಕಿನಲ್ಲಿ ಸಿಕ್ಕ ಹುಡುಗನಿಗೆ

ಫಿರಂಗಿ ದಳದಲ್ಲಿ ವರ್ಷಗಟ್ಟಲೆ ದುಡಿದವನು ನಾನು. 140 ಡೆಸಿಬೆಲ್ ದಾಟಿದ ಸದ್ದು ಒಳಗಿವಿಯ ಸಣ್ಣ ಕೂದಲ ಕೋಶಗಳನ್ನು ಕ್ಷಣದಲ್ಲೇ ಹಾಳುಮಾಡಬಹುದು. ಅವು ಮತ್ತೆ ಬೆಳೆಯುವುದಿಲ್ಲ. ನಿವೃತ್ತಿಯ ನಂತರ ಸುದ್ದಿ ನೋಡುವುದೇ ಕಷ್ಟವಾಗಿತ್ತು. ಯುದ್ಧದ ಚಿತ್ರ ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಅಲ್ಲಿ ನಿಂತಿರುವ ಸಿಪಾಯಿ ಯಾರ ಮನೆಯ ಮಗನೋ ಅನ್ನೋ ಸಂಕಟ ಬೇರೆ.

ಮೊನ್ನೆ ಪಾರ್ಕಿನ ಬೆಂಚಿನ ಮೇಲೆ ಫೋನನ್ನು ಕಿವಿಗೆ ಒತ್ತಿಕೊಂಡು ಕೂತಿದ್ದೆ. ಪಕ್ಕದಲ್ಲಿದ್ದ ಹುಡುಗ "ಕೊಡಿ ಅಂಕಲ್" ಅಂತ ಇಸ್ಕೊಂಡು, ಮಾತೆಲ್ಲ ಅಕ್ಷರವಾಗಿ ಕಾಣುವ ಹಾಗೆ ಮಾಡಿದ. ಆಮೇಲೆ ಎರಡು ಸಲ ನನ್ನ ಕೈಯಿಂದಲೇ ಮಾಡಿಸಿದ. ಅವಸರವಿಲ್ಲ, ರೇಗಾಟವಿಲ್ಲ. ಹೆಸರು ಕೇಳುವಷ್ಟರಲ್ಲಿ ಹೊರಟುಹೋಗಿದ್ದ.

ತುಂಬಾ ಥ್ಯಾಂಕ್ಸ್ ಕಣಪ್ಪ. ಈಗ ದಿನಾ ಬೆಳಿಗ್ಗೆ ಸುದ್ದಿ ಓದುತ್ತೇನೆ. ಯುದ್ಧ ನಿಂತಿತು ಅನ್ನೋ ಸಾಲಿಗೆ ಕಾಯುತ್ತಿದ್ದೇನೆ.