ಮಗಳಿಗೊಂದು ಪತ್ರ: ಎರಡನೆಯ ಪ್ರತಿ ಎಲ್ಲಿದೆ?

ಪ್ರೀತಿಯ ಮಗಳೇ,

ನಿನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ನಾನು ಮತ್ತೆ ಕರೆ ಮಾಡಲಿಲ್ಲ. ಮಾಡಿದ್ದರೆ ಜಗಳ ಮುಂದುವರಿಯುತ್ತಿತ್ತು, ಅಷ್ಟೆ. ಕಂಪ್ಯೂಟರ್ ಅಲುಗಾಡದೆ ನಿಂತುಬಿಟ್ಟಿತು, ಗೋಡೆಯ ಪ್ಲಗ್ ಕಿತ್ತುಬಿಟ್ಟೆ ಎಂದು ನೀನು ನಗುತ್ತಾ ಹೇಳಿದೆ. ನಾನು ದನಿ ಏರಿಸಿದೆ. "ನನ್ನ ದುಡ್ಡಿನಲ್ಲಿ ಕೊಂಡದ್ದಮ್ಮಾ, ಏನಾದರೂ ಮಾಡಿಕೊಳ್ಳುತ್ತೇನೆ" ಎಂದೆ ನೀನು. ನಿನ್ನ ದುಡ್ಡಿನಲ್ಲಿ ಕೊಂಡದ್ದು ಎಂಬುದನ್ನು ನಾನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ, ಅದು ನಿನಗೆ ಗೊತ್ತಿಲ್ಲ. ಕೂಗಾಡಿದ್ದಕ್ಕೆ ಬೇಸರವಿದೆ. ಹೇಳಿದ ಮಾತಿಗೆ ಮಾತ್ರ ಬೇಸರವಿಲ್ಲ.

ಸೋಮವಾರದಿಂದ ನೀನು ಮನೆಯಲ್ಲೇ ಕುಳಿತು ಕೆಲಸ ಮಾಡುವವಳು. ಮೊಬೈಲಿನಲ್ಲಿ ಎಲ್ಲವನ್ನೂ ಮಾಡುವವಳಿಗೆ ಇದೇನು ಮಹಾ ಎಂದುಕೊಂಡಿದ್ದೀಯ. ವ್ಯತ್ಯಾಸವಿದೆ. ಮೊಬೈಲಿನ ಬಹುಪಾಲು ಆ್ಯಪ್‌ಗಳು ನೀನು ಬರೆದದ್ದನ್ನು ನಿನ್ನನ್ನು ಕೇಳದೆಯೇ ಉಳಿಸುತ್ತವೆ. ಕಂಪ್ಯೂಟರಿನಲ್ಲಿ ಎಷ್ಟೋ ಕಡೆ ಉಳಿಸುವ ಹೊಣೆ ನಿನ್ನದೇ. ನೀನು ಟೈಪ್ ಮಾಡುತ್ತಿರುವುದು ಮೊದಲು ಇರುವುದು ರ‍್ಯಾಮ್ ಎಂಬ ತಾತ್ಕಾಲಿಕ ಜಾಗದಲ್ಲಿ. ವಿದ್ಯುತ್ ಹೋದ ಕ್ಷಣ ಅದು ಖಾಲಿ. ಸೇವ್ ಮಾಡಿದಾಗಲಷ್ಟೇ ವಿದ್ಯುತ್ ಹೋದರೂ ಉಳಿಯುವ ಜಾಗಕ್ಕೆ, ಅಂದರೆ ಡಿಸ್ಕಿಗೆ, ಇಳಿಯುತ್ತದೆ. ಡಿಸ್ಕಿಗೆ ಬರೆಯುತ್ತಿರುವಾಗಲೇ ಪ್ಲಗ್ ಕಿತ್ತರೆ ಆ ಫೈಲ್ ಅರ್ಧಕ್ಕೆ ನಿಂತು ಕೆಡಬಹುದು. ಅದು ಕಂಪ್ಯೂಟರನ್ನು ನಡೆಸುವ ವಿಂಡೋಸ್‌ನ ಸ್ವಂತ ಫೈಲ್ ಆಗಿದ್ದರೆ ಕಂಪ್ಯೂಟರ್ ಮತ್ತೆ ಏಳದೆಯೂ ಹೋಗಬಹುದು. ನಾನು ಕೂಗಿಕೊಂಡದ್ದು ಇದಕ್ಕೆ.

ಮತ್ತೊಮ್ಮೆ ಹಾಗೆ ನಿಂತರೆ ಒಂದೆರಡು ನಿಮಿಷ ಸುಮ್ಮನೆ ಕಾಯಿ. ಅನೇಕ ಸಲ ಅದು ಸತ್ತಿರುವುದಿಲ್ಲ, ಕೆಲಸದಲ್ಲಿ ಮುಳುಗಿರುತ್ತದೆ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತು. ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಯಾವ ಪ್ರೋಗ್ರಾಂ ಸ್ಪಂದಿಸುತ್ತಿಲ್ಲವೋ ಅದನ್ನು ಆರಿಸಿ ಎಂಡ್ ಟಾಸ್ಕ್ ಕೊಡು, ಅದೊಂದೇ ಮುಚ್ಚಿಕೊಳ್ಳುತ್ತದೆ. ಅದಕ್ಕೂ ಜಗ್ಗದಿದ್ದರೆ ಪವರ್ ಗುಂಡಿಯನ್ನು ಆರುವವರೆಗೆ ಒತ್ತಿ ಹಿಡಿ. ಇದೂ ಪ್ಲಗ್ ಕೀಳುವುದಕ್ಕಿಂತ ಹೆಚ್ಚು ಸಭ್ಯವೇನಲ್ಲ, ಆದ್ದರಿಂದಲೇ ಕೊನೆಗೆ. ಕೆಲಸ ಮಾಡುವಾಗ ಕಂಟ್ರೋಲ್ ಮತ್ತು ಎಸ್ ಒತ್ತುವುದು ಬೆರಳಿಗೆ ಚಟವಾಗಬೇಕು. ಒಂದು ಪ್ಯಾರಾ ಮುಗಿಯಿತು, ಒತ್ತು. ಬಾಗಿಲು ಬಡಿದರು, ಒತ್ತಿ ಏಳು. ತಪ್ಪಿ ಏನಾದರೂ ಅಳಿಸಿದರೆ ಕಂಟ್ರೋಲ್ ಮತ್ತು ಝಡ್, ಹಿಂದಿನದು ಮರಳುತ್ತದೆ. ಹೊಸಬರಿಗೆ ಧೈರ್ಯ ಕೊಡುವ ಕೀಲಿ ಅದೊಂದೇ ಎಂದು ನನ್ನ ಅಭಿಪ್ರಾಯ.

ಈಗ ನಾನು ನಿಜವಾಗಿ ಹೇಳಬೇಕಾದದ್ದಕ್ಕೆ ಬರುತ್ತೇನೆ. ನಮ್ಮ ಕಚೇರಿಯ ಕಥೆಗಳನ್ನೆಲ್ಲ ನೀನು ಕೇಳಿ ಕೇಳಿ ಬೇಸತ್ತಿದ್ದೀಯ. ಇದನ್ನು ಹೇಳಿರಲಿಲ್ಲ.

ನಾನು ಟೈಪ್‌ರೈಟರ್‌ನಿಂದ ಕಂಪ್ಯೂಟರಿಗೆ ಬಂದವಳು. ಟೈಪ್‌ರೈಟರ್ ಕಾಲದಲ್ಲಿ ಎರಡು ಹಾಳೆಗಳ ನಡುವೆ ಕಾರ್ಬನ್ ಇಡದೆ ಯಾವ ಪತ್ರವನ್ನೂ ಹೊಡೆಯುತ್ತಿರಲಿಲ್ಲ. ಬರೆದು ಮುಗಿಸುವಷ್ಟರಲ್ಲಿ ಎರಡನೆಯ ಪ್ರತಿ ತಾನಾಗಿಯೇ ಸಿದ್ಧವಾಗಿರುತ್ತಿತ್ತು. ಒಂದು ಹೊರಗೆ ಹೋಗುತ್ತಿತ್ತು, ಒಂದು ಬೀರುವಿಗೆ. ಕಂಪ್ಯೂಟರ್ ಬಂದಾಗ ಕಾರ್ಬನ್ ಮಸಿಯಿಂದ ಬೆರಳು ಉಳಿಯಿತು ಎಂದು ಖುಷಿಪಟ್ಟೆವು. ಎರಡನೆಯ ಪ್ರತಿಯೂ ಕಾರ್ಬನ್ನಿನ ಜೊತೆಗೇ ಹೋಯಿತು ಎಂಬುದು ಯಾರಿಗೂ ಹೊಳೆಯಲಿಲ್ಲ.

ನಮ್ಮ ವಿಭಾಗದಲ್ಲಿ ಒಬ್ಬರು ಹಿರಿಯ ಗುಮಾಸ್ತರಿದ್ದರು. ಎಲ್ಲ ನೌಕರರ ಸೇವಾ ವಿವರಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಅವರದು. ನಿವೃತ್ತಿಯ ಹೊತ್ತಿಗೆ ಮುಗಿಸಿಯೇ ಹೋಗುತ್ತೇನೆ ಎಂದು ಹಟ. ಒಂದು ಮಧ್ಯಾಹ್ನ ಅವರ ಕಂಪ್ಯೂಟರಿನಿಂದ ಟಕ್ ಟಕ್ ಎಂಬ ಸದ್ದು ಬಂತು. ಹಾರ್ಡ್ ಡಿಸ್ಕಿನೊಳಗೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ತಟ್ಟೆ ಇರುತ್ತದೆ. ಅದನ್ನು ಓದುವ ಪುಟ್ಟ ತಲೆ, ತಟ್ಟೆಯನ್ನು ಮುಟ್ಟದೆ, ಕೂದಲೆಳೆಗಿಂತ ಎಷ್ಟೋ ಸಣ್ಣ ಅಂತರದಲ್ಲಿ ತೇಲುತ್ತಿರುತ್ತದೆ. ಆ ಸದ್ದು ಬಂತೆಂದರೆ ಬಹುತೇಕ ಆ ತಲೆಯೇ ಕೆಟ್ಟಿದೆ ಎಂದು ಅರ್ಥ. ಆ ಕ್ಷಣ ಆರಿಸಿ ಕೈಬಿಡಬೇಕು. ಆ ಹಿರಿಯರು ಮತ್ತೆ ಮತ್ತೆ ಹಾಕಿದರು, ಆರಿಸಿದರು, ಹಾಕಿದರು. ಪ್ರತಿ ಸಲವೂ ಸ್ವಲ್ಪ ಬದುಕಿದ್ದದ್ದೂ ಕೆರೆದು ಹೋಗಿರಬೇಕು. ರಿಪೇರಿಯವರು ಬಂದರು, ನೋಡಿದರು, ಹೊಸ ಡಿಸ್ಕ್ ಹಾಕಿಕೊಡುತ್ತೇವೆ ಎಂದರು. ಇವರು ಕೇಳಿದ್ದು ಡಿಸ್ಕಿನ ಬಗ್ಗೆ ಅಲ್ಲ. "ಬರೆದದ್ದೆಲ್ಲ ಎಲ್ಲಿಗೆ ಹೋಯಿತು?" ಎಂದು ಕೇಳಿದರು. ರಿಪೇರಿಯವರಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಹೊಸ ಡಿಸ್ಕ್ ಇನ್ನೂ ದೊಡ್ಡದು ಸಾರ್ ಎಂದರು.

ಅವರು ಮತ್ತೆ ಮೊದಲಿನಿಂದ ಕುಳಿತರು. ಹಳೆಯ ನೌಕರರದು ಬೇಗ ಮುಗಿಯಿತು, ಏಕೆಂದರೆ ಬೀರುವಿನಲ್ಲಿ ಕಾರ್ಬನ್ ಪ್ರತಿಗಳಿದ್ದವು. ಹೊಸಬರದು ಎಲ್ಲೂ ಇರಲಿಲ್ಲ. ಅವರವರ ಮೇಜಿಗೆ ಹೋಗಿ ಕೇಳಿ ಬರೆದುಕೊಂಡು ಬರುತ್ತಿದ್ದರು. ಮುಗಿಸಲಿಲ್ಲ, ನಿವೃತ್ತಿಯಾಯಿತು. ಯಾರೂ ಅವರನ್ನು ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತೇನೋ. ಬೀಳ್ಕೊಡುಗೆಯ ದಿನವೂ, ಎಲ್ಲರೂ ಮಾತಾಡಿ ಮುಗಿಸಿದ ಮೇಲೆ, ನನ್ನ ಹತ್ತಿರ ಬಂದು ಅದನ್ನೇ ಕೇಳಿದರು: "ನಿಜ ಹೇಳಿ, ಅದು ಎಲ್ಲಿಗೆ ಹೋಗಿರುತ್ತದೆ?" ನನಗೆ ಆಗಲೂ ಉತ್ತರ ಗೊತ್ತಿರಲಿಲ್ಲ. ಈಗ ಗೊತ್ತಿದೆ: ಎಲ್ಲಿಗೂ ಹೋಗಿರಲಿಲ್ಲ, ಕೆರೆದು ಹೋಗದೆ ಉಳಿದದ್ದು ಆ ತಟ್ಟೆಯ ಮೇಲೆಯೇ ಇತ್ತು, ಓದುವ ದಾರಿ ಮಾತ್ರ ಇರಲಿಲ್ಲ. ಈ ಉತ್ತರದಿಂದ ಅವರಿಗೇನೂ ಸಮಾಧಾನವಾಗುತ್ತಿರಲಿಲ್ಲ ಎಂಬುದೂ ಗೊತ್ತಿದೆ. ಆದರೂ ಕೇಳಿದಾಗ ಹೇಳಲಾಗಲಿಲ್ಲವಲ್ಲ ಎಂದು ಇಂದಿಗೂ ಅನ್ನಿಸುತ್ತದೆ.

ನೋಡು, ಎಷ್ಟು ಉದ್ದವಾಯಿತು. ನಿನ್ನ ಕಂಪ್ಯೂಟರಿನಲ್ಲಿರುವುದು ಎಸ್‌ಎಸ್‌ಡಿ, ಅಂದರೆ ಚಿಪ್‌ಗಳಲ್ಲೇ ಉಳಿಸುವ ಡಿಸ್ಕ್, ತಿರುಗುವ ತಟ್ಟೆಯೇ ಇಲ್ಲ ಎಂದು ನೀನು ಹೇಳಬಹುದು. ಹೌದು, ಅದು ವೇಗ, ತಟ್ಟಿದರೆ ಕುಟ್ಟಿದರೆ ಸುಲಭಕ್ಕೆ ಕೆಡುವುದಿಲ್ಲ. ನನ್ನ ಹೆದರಿಕೆ ಅದಕ್ಕೇ ಹೆಚ್ಚು. ಹಳೆಯದು ಕೆಡುವ ಮೊದಲು ಟಕ್ ಎಂದಾದರೂ ಅನ್ನುತ್ತಿತ್ತು. ಇದು ಏನೂ ಅನ್ನದೆ ಒಂದು ಬೆಳಿಗ್ಗೆ ಕಾಣೆಯಾಗಬಹುದು.

ಆದ್ದರಿಂದ ಸೋಮವಾರಕ್ಕೆ ಮೊದಲು ಒಂದು ಎಕ್ಸ್‌ಟರ್ನಲ್ ಡ್ರೈವ್, ಅಂದರೆ ಹೊರಗಿನಿಂದ ಜೋಡಿಸುವ ಡಿಸ್ಕ್, ಕೊಂಡುಕೋ. ಈ ಕೆಲಸ ಬಲ್ಲವರು 3-2-1 ಎನ್ನುತ್ತಾರೆ: ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಅದರಲ್ಲಿ ಒಂದು ಮನೆಯ ಹೊರಗೆ. ಮೂಲ ಪ್ರತಿ ಕಂಪ್ಯೂಟರಿನಲ್ಲಿ, ಒಂದು ಎಕ್ಸ್‌ಟರ್ನಲ್ ಡ್ರೈವ್‌ನಲ್ಲಿ, ಇನ್ನೊಂದು ಇಂಟರ್ನೆಟ್ ಮೂಲಕ ದೂರದ ಕಂಪ್ಯೂಟರಿನಲ್ಲಿ ಇಡುವ ಕ್ಲೌಡ್‌ನಲ್ಲಿ ಎಂದರೆ ಲೆಕ್ಕ ಸರಿಹೋಗುತ್ತದೆ. ನಕಲು ಮಾಡಿದ ಮೇಲೆ ಡ್ರೈವ್ ಬಿಚ್ಚಿ ಬೇರೆ ಇಡು. ರಾನ್ಸಮ್‌ವೇರ್ ಎಂಬ ದುಷ್ಟ ಪ್ರೋಗ್ರಾಂ ಒಳಗೆ ಬಂದರೆ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುತ್ತದೆ, ಕಂಪ್ಯೂಟರಿಗೆ ಜೋಡಿಸಿರುವ ಡ್ರೈವ್‌ಗಳನ್ನೂ ಬಿಡುವುದಿಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬುದು ಹೀಗೆಯೇ ಜಗತ್ತಿನಾದ್ಯಂತ ಹರಡಿ ಬ್ರಿಟನ್ನಿನ ಹಲವು ಆಸ್ಪತ್ರೆಗಳ ಕೆಲಸಕ್ಕೆ ಅಡ್ಡಿ ಮಾಡಿತ್ತು. ಅದು ಹೊಕ್ಕ ತೂತನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್ ತಿಂಗಳಲ್ಲೇ ಬಂದಿತ್ತು. ಹಾಗಾಗಿ ಅಪ್‌ಡೇಟ್ ಬಂದಾಗ ನಾಳೆ, ನಾಡಿದ್ದು ಎಂದು ಮುಂದೂಡಬೇಡ.

ಕ್ಲೌಡ್ ಒಂದೇ ಸಾಕಲ್ಲ ಎನ್ನಬೇಡ. ಕಂಪ್ಯೂಟರಿನ ಫೋಲ್ಡರ್ ಕ್ಲೌಡ್ ಜೊತೆ ಸಿಂಕ್ ಆಗುತ್ತಿದ್ದರೆ, ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಗೂಗಲ್ ಡ್ರೈವ್‌ನ ಕಸದಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಪೆನ್ ಡ್ರೈವ್ ಇನ್ನೂ ಅಪಾಯ. ಅದರಿಂದ ಅಳಿಸಿದ ಫೈಲ್ ಸಾಮಾನ್ಯವಾಗಿ ರಿಸೈಕಲ್ ಬಿನ್‌ಗೆ, ಅಂದರೆ ಕಂಪ್ಯೂಟರಿನ ಕಸದಬುಟ್ಟಿಗೆ, ಬರುವುದೇ ಇಲ್ಲ. ಪೆನ್ ಡ್ರೈವ್ ಸಾಗಿಸುವುದಕ್ಕೆ, ಕಾಪಾಡುವುದಕ್ಕಲ್ಲ. ಮತ್ತೆ, ನಕಲು ಮಾಡಿದೆ ಎಂದು ನಂಬಿ ಕುಳಿತುಕೊಳ್ಳಬೇಡ. ಆ ನಕಲಿನಿಂದ ಒಂದು ಫೈಲನ್ನು ತೆರೆದು ಓದು. ತೆರೆಯದ ನಕಲು ಇದ್ದರೂ ಇಲ್ಲದಂತೆಯೇ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ, ನಿನ್ನ ಮುಖ ಈಗ ಹೇಗಾಗಿದೆಯೆಂದು ನನಗೆ ಕಾಣುತ್ತಿದೆ.

ಪಾಸ್‌ವರ್ಡ್‌ಗಳಲ್ಲಿ ಇಮೇಲ್‌ನದು ಎಲ್ಲಕ್ಕಿಂತ ಗಟ್ಟಿಯಾಗಿರಲಿ. ಮಿಕ್ಕ ಎಲ್ಲ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿ ಅಲ್ಲಿಗೇ ಬರುವುದು, ಅದು ಕೈತಪ್ಪಿದರೆ ಎಲ್ಲವೂ ಕೈತಪ್ಪುತ್ತವೆ. ವಿಚಿತ್ರ ಚಿಹ್ನೆಗಳಿಗಿಂತ ಉದ್ದ ಮುಖ್ಯ, ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಕೂಡಿಸು. ನಿನ್ನ ಹುಟ್ಟಿದ ದಿನ ಖಂಡಿತ ಬೇಡ. ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಗುರುತನ್ನೂ ಕೇಳುವ ಎರಡು ಹಂತದ ದೃಢೀಕರಣವನ್ನೂ ಹಾಕಿಕೋ.

ಒಂದಲ್ಲ ಒಂದು ದಿನ ಪರದೆ ತುಂಬ ಕೆಂಪು ಬಂದು, ಸೈರನ್ ಕೂಗಿ, ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ ಎಂದು ಹೇಳುತ್ತದೆ. ಅದು ವೈರಸ್ ಅಲ್ಲ, ಒಂದು ವೆಬ್ ಪುಟ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ಸಂಖ್ಯೆ ಇರುವುದೇ ಇಲ್ಲ. ಎಸ್ಕೇಪ್ ಒತ್ತಿ ಹಿಡಿ, ಇಲ್ಲವೇ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚು. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ಮರಳಿ ತರಲೇ ಎಂದು ಕೇಳಿದರೆ ಬೇಡ ಎನ್ನು. ಕರೆ ಮಾಡಿದವರು ದೂರದಿಂದ ನಿನ್ನ ಪರದೆಯನ್ನು ನೋಡುವ ಸಾಫ್ಟ್‌ವೇರ್ ಹಾಕಿಸುತ್ತಾರೆ, ಅಲ್ಲಿಂದ ಬ್ಯಾಂಕಿಗೆ ಹೆಚ್ಚು ದೂರವಿಲ್ಲ. ಅವಸರಪಡಿಸುವವರು ಯಾರೇ ಆಗಲಿ ಮೊದಲು ಕೈ ಎತ್ತಿ ಕುಳಿತುಕೋ. ಈ ವಿಷಯದಲ್ಲಿ ನಿನ್ನ ಬುದ್ಧಿಯ ಮೇಲೆ ನನಗೆ ನಂಬಿಕೆಯಿದೆ, ನಿನ್ನ ಒಳ್ಳೆಯತನದ ಮೇಲಷ್ಟೇ ಸಂಶಯ.

ಆಂಟಿವೈರಸ್‌ಗಾಗಿ ಓಡಾಡಬೇಡ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಮನೆಯ ಕೆಲಸಕ್ಕೆ ಸಾಕು. ಫೈಲುಗಳಿಗೆ "ಹೊಸದು", "ಹೊಸದು ಎರಡು", "ಕೊನೆಯದು" ಎಂದೆಲ್ಲ ಹೆಸರಿಡಬೇಡ. ವರ್ಷ, ತಿಂಗಳು, ದಿನಾಂಕ ಮೊದಲು ಬರೆದು ಆಮೇಲೆ ವಿಷಯ ಬರೆ, ಆಗ ತಾವಾಗಿ ಸಾಲಾಗಿ ನಿಲ್ಲುತ್ತವೆ. ಗಾಳಿ ಬಿಡುವ ಕಿಂಡಿಗಳಿಗೆ ಬಟ್ಟೆ ಹೊದಿಸಿಡಬೇಡ. ಆಗಾಗ ಪರದೆಯಿಂದ ಕಣ್ಣೆತ್ತಿ ದೂರ ನೋಡು. ಇದು ಕಂಪ್ಯೂಟರಿನ ಮಾತಲ್ಲ, ನನಗೆ ಗೊತ್ತು.

ಪ್ಲಗ್ ಕಿತ್ತ ಮೇಲೂ ಅದು ಸರಿಯಾಗಿ ಎದ್ದಿತೆಂದು ಹೇಳಿದೆ. ಅದಕ್ಕೆ ಸಂತೋಷ. ನೀನೇ ಮಳಿಗೆಗೆ ಹೋಗಿ, ನೀನೇ ಆರಿಸಿ, ನೀನೇ ತಂತಿಗಳನ್ನೆಲ್ಲ ಜೋಡಿಸಿಕೊಂಡದ್ದಕ್ಕೆ ಅದಕ್ಕಿಂತ ಹೆಚ್ಚು. ನಿನ್ನೆ ಇದನ್ನು ಮೊದಲು ಹೇಳಿ ಆಮೇಲೆ ಬೈಯಬಹುದಿತ್ತು. ಭಾನುವಾರ ಸಂಜೆ ಫೋನ್ ಮಾಡುತ್ತೇನೆ. ನಕಲು ಮಾಡಿದೆಯಾ ಎಂದು ಕೇಳುತ್ತೇನೆ, ಸಿದ್ಧಳಾಗಿರು.

ಇಂತಿ ನಿನ್ನ
ಅಮ್ಮ

ಮರೆತಿದ್ದೆ. ಅದು ಬೇರೆಯವರು ಬಳಸಿ ಮಾರಿದ್ದಲ್ಲವೇ? ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್ ವಿಭಾಗದಲ್ಲಿ ಅಬೌಟ್ ಎಂಬಲ್ಲಿ ಯಾವ ವಿಂಡೋಸ್ ಎಂದು ನೋಡು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಅಂದರೆ ನಾನು ಹೇಳಿದ ತೂತು ಮುಚ್ಚುವ ಅಪ್‌ಡೇಟ್‌ಗಳು ಅದಕ್ಕೆ ಮಾಮೂಲಾಗಿ ಬರುವುದಿಲ್ಲ. ವಿಂಡೋಸ್ 11 ಹಾಕಲು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ತೀರಾ ಹಳೆಯ ಯಂತ್ರಗಳಲ್ಲಿ ಅದಿರುವುದಿಲ್ಲ. ಹಿಂದಿನವರ ಖಾತೆ ಇನ್ನೂ ಇದ್ದರೆ ಕೆಲಸ ಶುರು ಮಾಡುವ ಮೊದಲೇ ರೀಸೆಟ್ ಕೊಟ್ಟು ಎಲ್ಲವನ್ನೂ ಅಳಿಸಿಬಿಡು. ಟಿಪಿಎಂ ಇಲ್ಲವೆಂದಾದರೆ ಮಾರಿದವರ ಹತ್ತಿರ ಶನಿವಾರವೇ ಹೋಗು. ವಾಪಸು ಕೊಡುವ ಅವಧಿ ಎಂದಿನವರೆಗೆ ಎಂದು ರಸೀದಿಯಲ್ಲಿ ನೋಡಿಕೊಂಡು ಹೋಗು.