ಹಿಮದ ಟ್ರಕ್ ನನ್ನ ಮಗಳು ಬರೆದಿದ್ದಲ್ಲ

ಕಸ್ಟಮರ್ ಕೇರ್‌ನವರಿಗೆ,

ನಮಸ್ಕಾರ. ತುಮಕೂರಿನ ಕ್ಯಾತ್ಸಂದ್ರದಿಂದ ಬರೆಯುತ್ತಿದ್ದೇನೆ. ನನ್ನ ಮಗಳು ನಿಮ್ಮಲ್ಲಿ ಆನ್‌ಲೈನ್‌ನಲ್ಲಿ ಕೆನಡಾದ ಒಂಟಾರಿಯೋ ಪಠ್ಯಕ್ರಮದ 12ನೇ ತರಗತಿ ಇಂಗ್ಲಿಷ್, ಅದೇ ಇಎನ್‌ಜಿ4ಯು, ಓದುತ್ತಿದ್ದಾಳೆ. ನಾಲ್ಕು ಸಲ ಫೋನ್ ಮಾಡಿದೆ, ನಾಲ್ಕೂ ಸಲ "ನೋಟ್ ಮಾಡ್ಕೊಂಡಿದೀವಿ ಸರ್" ಅಂದಿರಿ. ಅದಕ್ಕೆ ಈ ಸಲ ಬರೆದೇ ಕಳಿಸುತ್ತಿದ್ದೇನೆ.

ಸೇರಿಸುವಾಗ ನಿಮ್ಮವರು ಹೇಳಿದ್ದು ಇಷ್ಟು: 110 ಗಂಟೆಯ ಕೋರ್ಸ್, ಯೂನಿವರ್ಸಿಟಿಗೆ ಹೋಗುವ ಮಕ್ಕಳಿಗೆ ಅಂತಲೇ ಮಾಡಿದ್ದು, ಪ್ರತಿ ಪ್ರಬಂಧವನ್ನೂ ಟೀಚರ್ ಕೂತು ತಿದ್ದುತ್ತಾರೆ. ನಾನು 46,000 ರೂಪಾಯಿ ಕೊಟ್ಟಿದ್ದು ಆ ಕೊನೆಯ ಮಾತಿಗೆ. ಪಿಯುಸಿಯಲ್ಲಿ ನಮ್ಮ ಮಕ್ಕಳು ನೋಟ್ಸ್ ಬಾಯಿಪಾಠ ಮಾಡಿ ಒಳ್ಳೆ ಮಾರ್ಕ್ಸೇ ತೆಗೆಯುತ್ತಾರೆ, ಆದರೆ ನಿನ್ನದೇ ಒಂದು ವಾದ ಇಡು, ಅದಕ್ಕೆ ಆಧಾರ ಕೊಡು, ಎಲ್ಲಿಂದ ತಗೊಂಡೆ ಅಂತಲೂ ಬರಿ ಅಂದರೆ ಪೆನ್ನು ಕಚ್ಚುತ್ತಾ ಕೂರುತ್ತಾರೆ. ವಿಡಿಯೋ ನೋಡಿ ಇದು ಬರುತ್ತಾ?

ಈಗ ನೀವು ತಿದ್ದಿದ್ದು ನೋಡಿ. ಮಗಳು ಅಮಾನಿಕೆರೆ ಬಗ್ಗೆ ಬರೆದಳು. ಎರಡು ಸಂಜೆ ಅಲ್ಲಿಗೆ ಹೋಗಿ, ವಾಕಿಂಗ್ ಬರುವವರನ್ನು ಮಾತಾಡಿಸಿ, ಮೂರು ಸಲ ಹೊಸದಾಗಿ ಬರೆದಳು. 19 ದಿನ ಆದಮೇಲೆ ಬಂದ ಟಿಪ್ಪಣಿಯಲ್ಲಿ "ಹಿಮ ತೆಗೆಯುವ ಟ್ರಕ್ಕಿನ ಉದಾಹರಣೆ ಚೆನ್ನಾಗಿದೆ, ಇನ್ನಷ್ಟು ಬೆಳೆಸಬಹುದಿತ್ತು" ಅಂತಿದೆ. ಸ್ವಾಮಿ, ತುಮಕೂರಲ್ಲಿ ಹಿಮ ಎಲ್ಲಿದೆ? ನಮ್ಮನೆ ಫ್ರಿಜ್ಜಲ್ಲಿ ಒಂದಿಷ್ಟು ಕಟ್ಟಿಕೊಂಡಿರುತ್ತೆ ಅಷ್ಟೆ. ಯಾರೋ ಬೇರೆ ಹುಡುಗನ ಟಿಪ್ಪಣಿಯನ್ನು ಸುಮ್ನೆ ಇಲ್ಲಿಗೆ ಅಂಟಿಸಿದ್ದೀರಿ. ಮಗಳು ಮೊದಲು ನಕ್ಕಳು, ಆಮೇಲೆ ಊಟಕ್ಕೆ ಬರಲಿಲ್ಲ.

ಟಿಪ್ಪಣಿ ಬೇರೆಯವರದಾದರೆ ಅದರ ಕೆಳಗಿರುವ 68 ಮಾರ್ಕ್ಸ್ ಯಾರದ್ದು? ಈ ಕೋರ್ಸಿನಲ್ಲಿ ಶೇಕಡ 70 ವರ್ಷದ ಕೆಲಸಕ್ಕೆ, 30 ಕೊನೆಯ ಮೌಲ್ಯಮಾಪನಕ್ಕೆ ಅಲ್ವಾ. ಈ ಅಂಕವೂ ಸೇರಿದ ಒಟ್ಟು ಅಂಕವೇ ಯೂನಿವರ್ಸಿಟಿಗೆ ಹೋಗುತ್ತದೆ.

ಇನ್ನೊಂದು, ಕ್ಲಾಸಿನ ಟೈಮ್. ಟೊರಾಂಟೊದ ಸಂಜೆ 7 ಅಂದರೆ ನಮಗೆ ಬೆಳಗಿನ ಜಾವ 4:30. ಒಪ್ಪಿಕೊಂಡೇ ಸೇರಿಸಿದೆವು. ಹೇಗೂ 5ಕ್ಕೆ ನನ್ನ ಬೂತಿಗೆ ಹಾಲಿನ ಗಾಡಿ ಬರುತ್ತದೆ, ನಾನೇ ಎಬ್ಬಿಸಿ ಕಾಫಿ ಕೊಟ್ಟು ಹೋಗುತ್ತಿದ್ದೆ. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹಾಕುತ್ತಾರಂತೆ. ಕ್ಲಾಸ್ 5:30 ಆಯಿತು. ಒಂದು ಮೆಸೇಜ್ ಹಾಕೋಕೆ ಏನಾಗಿತ್ತು? ಆ ವಾರ ಹುಡುಗಿ ಶಾಲು ಹೊದ್ದುಕೊಂಡು ಒಂದು ಗಂಟೆ ಖಾಲಿ ಪರದೆ ನೋಡುತ್ತಾ ಕೂತಿದ್ದಳು.

ನಾನು ಕೇಳುತ್ತಿರೋದು ಜಾಸ್ತಿ ಏನಿಲ್ಲ. ಕೊಟ್ಟಿರುವ ನಾಲ್ಕೂ ಪ್ರಬಂಧಗಳನ್ನು ಒಬ್ಬ ಟೀಚರ್ ಮೊದಲಿಂದ ಓದಿ, ತಿದ್ದಿ, ಹೊಸದಾಗಿ ಅಂಕ ಹಾಕಬೇಕು. 15 ದಿನದಲ್ಲಿ ಆಗದಿದ್ದರೆ ದುಡ್ಡು ಪೂರ್ತಿ ವಾಪಸ್ ಕೊಡಿ. ಎರಡೂ ಇಲ್ಲ ಅಂದರೆ ಮೊದಲು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. ನಿಮ್ಮ ಆಫೀಸ್ ಎಲ್ಲೇ ಇರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನಿರುವ ಊರಲ್ಲೇ ದೂರು ಹಾಕಬಹುದು, ಕೊಟ್ಟ ದುಡ್ಡು 5 ಲಕ್ಷದವರೆಗೆ ಇದ್ದರೆ ದೂರಿಗೆ ಫೀಸೂ ಇಲ್ಲ. ವಿಚಾರಿಸಿಕೊಂಡೇ ಬರೆದಿದ್ದೇನೆ.

ಪ್ರಬಂಧ, ನಿಮ್ಮ ಟಿಪ್ಪಣಿ, ದುಡ್ಡು ಕಟ್ಟಿದ ರಸೀದಿ ಮೂರನ್ನೂ ಇದರ ಜೊತೆ ಹಾಕಿದ್ದೇನೆ. ಫೋನ್ ಮಾಡುವುದಾದರೆ 10 ಗಂಟೆ ಆದಮೇಲೆ ಮಾಡಿ, ಅಲ್ಲಿವರೆಗೆ ಬೂತಿನಲ್ಲಿ ಜನ ಇರುತ್ತಾರೆ.

ಇಂತಿ,
ಒಬ್ಬ ವಿದ್ಯಾರ್ಥಿನಿಯ ಅಪ್ಪ